ಎಣ್ಣೆ ಬಿಟ್ಟ ಮನೆಯಲ್ಲಿ ಗಮ್ಮಿ: ಅಳತೆ, ಬೀಗ, ಪಾಳಿ

ಕುಡಿತ ಪೂರ್ತಿ ನಿಲ್ಲಿಸಿ, ಗಾಂಜಾ ಮಾತ್ರ ಇಟ್ಟುಕೊಂಡವರನ್ನು ಅಮೆರಿಕದಲ್ಲಿ ‘ಕ್ಯಾಲಿಫೋರ್ನಿಯಾ ಸೋಬರ್’ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರದೂ ಇದೇ ಕ್ರಮ, ಅದೂ ರಾತ್ರಿ ಮಾತ್ರ, ಅಳೆದು ಸ್ವಲ್ಪ; ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಇದನ್ನು ಯಾರಿಗೂ ಶಿಫಾರಸು ಮಾಡುತ್ತಿಲ್ಲ. ಎರಡನ್ನೂ ಬಿಟ್ಟವರ ದಾರಿಯೇ ಸಲೀಸು, ಅದರಲ್ಲಿ ಅನುಮಾನವಿಲ್ಲ. ಹಾಗಿದ್ದೂ ಈ ದಾರಿಗೆ ಬರುವವರು ಗಾಂಜಾವನ್ನು ಬಾಟಲಿಯ ಜಾಗಕ್ಕೆ ತರಬಾರದು. ಸಂಜೆಯ ಕುಡಿತ ಇದ್ದ ಹೊತ್ತು ಬೇರೆ ಕೆಲಸದಿಂದ ತುಂಬಬೇಕು, ಗಾಂಜಾ ಮಕ್ಕಳು ಮಲಗಿದ ಮೇಲಿನದು. ಮುಂದಿನದೆಲ್ಲ ಈ ಒಂದು ನಿಯಮದಿಂದ ಹುಟ್ಟಿದ್ದು.

ಮೊದಲು ಕಾನೂನು, ಯಾಕೆಂದರೆ ನಮ್ಮವರಲ್ಲಿ ಬಹಳ ಜನ ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದಲ್ಲಿ 2016ರ ನವೆಂಬರ್‌ನಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸುವ ಪ್ರಾಪ್ 64 ಜನರ ಮತದಿಂದ ಪಾಸಾಯಿತು, 2018ರ ಜನವರಿ 1ರಿಂದ 21 ದಾಟಿದವರಿಗೆ ಅಂಗಡಿಯಲ್ಲೇ ಮಾರುತ್ತಾರೆ. ಅದು ರಾಜ್ಯದ ಕಾನೂನು. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಮೂರೂ ಫೆಡರಲ್ ಅಂದರೆ ಕೇಂದ್ರ ಸರ್ಕಾರದ ಕೈಯಲ್ಲಿವೆ, ಅಲ್ಲಿ ಗಾಂಜಾ ಇನ್ನೂ ನಿಯಂತ್ರಿತ ವಸ್ತು. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಪೌರತ್ವದ ಅರ್ಜಿಗೆ ಬೇಕಾದ ‘ಸನ್ನಡತೆ’ಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಕೇಸು ದಾಖಲಾಗಿರಬೇಕೆಂದೇನೂ ಇಲ್ಲ, ಸಂದರ್ಶನದಲ್ಲೋ ವಿಮಾನ ನಿಲ್ದಾಣದಲ್ಲೋ ಬಾಯಿಬಿಟ್ಟು ಒಪ್ಪಿಕೊಂಡರೂ ತೊಂದರೆಯಾಗಬಹುದು. ಹಾಗಾಗಿ ಎಚ್‌–1ಬಿಯಲ್ಲಿರುವವರು, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು, ಕಾರ್ಡ್ ಸಿಕ್ಕು ಪೌರತ್ವಕ್ಕೆ ಕಾಯುತ್ತಿರುವವರು ಇದನ್ನು ಮುಟ್ಟಲೇಬಾರದು. ನೌಕರಿಯ ವಿಷಯಕ್ಕೆ ಬಂದರೆ, ಕೆಲಸದ ಹೊತ್ತಿನ ಆಚೆ ಬಳಸಿದ್ದಕ್ಕೆ ಭೇದ ಮಾಡಬಾರದೆಂಬ ಎಬಿ 2188 ಕಾಯ್ದೆ 2024ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಕಟ್ಟಡ ನಿರ್ಮಾಣದವರಿಗೂ ಫೆಡರಲ್ ಕ್ಲಿಯರೆನ್ಸ್ ಬೇಕಾದ ಕೆಲಸದವರಿಗೂ ಅದು ಅನ್ವಯಿಸುವುದಿಲ್ಲ.

ಕಾನೂನು ಬಿಟ್ಟರೆ ದೇಹದ ಅಡ್ಡಿಗಳು. ಬಸುರಿಯರು, ಬಾಣಂತಿಯರು ಬಳಸಬಾರದು: ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ ಎದೆಹಾಲಿಗೆ ಇಳಿದು ದಿನಗಟ್ಟಲೆ ಇರುತ್ತದೆ, ಒಂದು ಹೊತ್ತಿನ ಹಾಲು ಹಿಂಡಿ ಚೆಲ್ಲಿದರೆ ಹೋಗುವುದಿಲ್ಲ. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್‌ನಂಥ ಮಾನಸಿಕ ಕಾಯಿಲೆ ಮನೆತನದಲ್ಲಿ ಇದ್ದವರು ಬಳಸಬಾರದು. ಹೃದಯದ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ ಹತ್ತಿರ ಮಾತಾಡದೆ ಹೆಜ್ಜೆ ಇಡಬಾರದು.

ಇನ್ನು ಎಣ್ಣೆ ನಿಲ್ಲಿಸುವುದು. ವಾರಕ್ಕೊಮ್ಮೆ ಎರಡು ಬಿಯರ್ ಕುಡಿಯುವವರು ನಾಳೆಯೇ ನಿಲ್ಲಿಸಬಹುದು. ದಿನಾ ಮೂರ್ನಾಲ್ಕು ಪೆಗ್ ಇಳಿಸುವವರು, ಬೆಳಿಗ್ಗೆ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ ಶುರುವಾಗುತ್ತವೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಇಲ್ಲದ್ದು ಕಾಣುವ, ಕೇಳುವ ಸನ್ನಿಯ ಸ್ಥಿತಿ. ಇದನ್ನು ಗಾಂಜಾ ತಡೆಯುವುದಿಲ್ಲ. ಕಳವಳವನ್ನು ಸ್ವಲ್ಪ ಮುಚ್ಚಿ, ಆಸ್ಪತ್ರೆಗೆ ಹೋಗುವುದನ್ನು ತಡಮಾಡಿಸುತ್ತದೆ, ಅಷ್ಟೇ. ಡಾಕ್ಟರ ಕಣ್ಗಾವಲಿನಲ್ಲಿ ಇಳಿಸಬೇಕು, ಕುಡಿತದ ಲೆಕ್ಕವನ್ನು ಅವರಿಗೆ ಕಡಿಮೆ ಮಾಡಿ ಹೇಳಬಾರದು. ಕುಡಿಯಬೇಕೆನ್ನುವ ಸೆಳೆತಕ್ಕೆ ನಾಲ್ಟ್ರೆಕ್ಸೋನ್ ಇದೆ, ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಅಕಾಂಪ್ರೊಸೇಟ್ ಎಂಬ ಇನ್ನೊಂದು ಮಾತ್ರೆಯೂ ಇದೆ. ಹೆಸರು ಹಿಡಿದು ಕೇಳಿ. ನಮ್ಮ ಅಭಿಪ್ರಾಯದಲ್ಲಿ ಮೊದಲ ಒಂದೆರಡು ತಿಂಗಳು ಗಾಂಜಾ ಮನೆಗೆ ತರದೆ ಈ ಮಾತ್ರೆಗಳಲ್ಲೇ ನಡೆಯುವುದು ಒಳ್ಳೆಯದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ನಿದ್ದೆ ಕೆಟ್ಟದ್ದು ಯಾವುದರಿಂದ, ಸಿಟ್ಟು ಬಂದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಸಂಜೆ ಐದೂವರೆಯಿಂದ ಎಂಟೂವರೆ, ಅಪ್ಪ ಅಮ್ಮಂದಿರಿಗೆ ಗಂಡಾಂತರದ ಹೊತ್ತು ಇದು. ಆಫೀಸಿನ ದಣಿವು, ಹೋಮ್‌ವರ್ಕಿನ ಜಗಳ, ಒಲೆಯ ಮೇಲಿನ ಸಾರು ಎಲ್ಲ ಒಂದೇ ಕಡೆ ಸೇರುತ್ತವೆ. ಮೊದಲನೇ ಪೆಗ್ ಸಾಮಾನ್ಯವಾಗಿ ಇಲ್ಲೇ ಶುರುವಾಗಿರುತ್ತದೆ, ಅದರಲ್ಲಿ ಅರ್ಧ ಹಸಿವು. ಐದೂವರೆಗೆ ದೊಡ್ಡವರೂ ಮಕ್ಕಳ ಜೊತೆ ಏನಾದರೂ ತಿನ್ನಬೇಕು: ಒಂದು ಬಟ್ಟಲು ಮೊಸರವಲಕ್ಕಿ, ಕಡಲೆ ಉಸಲಿ, ಮಿಕ್ಕ ಉಪ್ಪಿಟ್ಟಾದರೂ ಸರಿ. ಕೈಗೆ ತಣ್ಣನೆಯ ಗ್ಲಾಸು ಬೇಕೇ ಬೇಕು. ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು, ಕಾಲು ಚಮಚ ಹುರಿದ ಜೀರಿಗೆ ಪುಡಿ, ಮೇಲೆ 300 ಮಿಲಿ ಸೋಡಾ. ಸಕ್ಕರೆ ಬೇಡ, ಮೊದಲ ವಾರಗಳಲ್ಲಿ ಸಿಹಿ ತಿನ್ನುವ ಆಸೆ ಹೇಗೂ ಜೋರಾಗಿರುತ್ತದೆ. ಆಲ್ಕೋಹಾಲ್ ಇಲ್ಲದ ಬಿಯರ್ ಎಂದು ಇಲ್ಲಿ ಮಾರುವುದರಲ್ಲಿ 0.5 ಶೇಕಡಾದವರೆಗೆ ಇರಲು ಅವಕಾಶವಿದೆ. ಕೆಲವರಿಗೆ ಅದು ಆಸರೆ, ಕೆಲವರಿಗೆ ಅದರ ರುಚಿಯೇ ಹಳೆಯ ಚಾಳಿಯ ಬಾಗಿಲು ತೆರೆಯುತ್ತದೆ. ಬಾಟಲಿಗಳು ಮನೆಯಿಂದ ಹೋಗಲಿ, ‘ಬಂದವರಿಗೆ ಇರಲಿ’ ಎಂದು ಎತ್ತಿಟ್ಟದ್ದೂ ಸೇರಿ.

ಈಗ ಗಾಂಜಾ. ಮಕ್ಕಳಿರುವ ಮನೆಯಲ್ಲಿ ಸೇದುವ ಪ್ರಶ್ನೆಯೇ ಇಲ್ಲ. ಹೊಗೆ ಪರದೆ, ಸೋಫಾಗಳಿಗೆ ಹಿಡಿಯುತ್ತದೆ, ಪಕ್ಕದ ಕೋಣೆಗೆ ಹೋಗುತ್ತದೆ, ಜೊತೆಗೆ ಅಳತೆ ಸಿಗುವುದಿಲ್ಲ. 20 ಶೇಕಡಾ ಟಿಎಚ್‌ಸಿ ಇರುವ ಒಣ ಗಾಂಜಾ ಹೂವಿನ ಒಂದು ಗ್ರಾಮಿನಲ್ಲಿ ಅದು 200 ಮಿಲಿಗ್ರಾಂ. ಒಂದು ಎಳೆತದಲ್ಲಿ ಒಳಗೆ ಹೋದದ್ದು ಎಷ್ಟೆಂದು ಯಾರು ಹೇಳಬಲ್ಲರು? ಗಮ್ಮಿ ಎಂಬ, ಗಾಂಜಾ ಬೆರೆಸಿದ ಮೆತ್ತನೆಯ ಮಿಠಾಯಿಯಲ್ಲಿ ಅಥವಾ ಚಪ್ಪರಿಸುವ ಮಿಂಟ್ ಮಾತ್ರೆಯಲ್ಲಿ ಅಂಕಿ ಚೀಟಿಯ ಮೇಲಿರುತ್ತದೆ.

ರಾಜ್ಯದ ನಿಯಮದ ಪ್ರಕಾರ ಒಂದು ತುಂಡಿಗೆ ಗರಿಷ್ಠ 10 ಮಿಲಿಗ್ರಾಂ, ಒಂದು ಪೊಟ್ಟಣಕ್ಕೆ 100. ಹತ್ತು ಎಂದರೆ ಒಬ್ಬರ ಪ್ರಮಾಣ ಎಂದು ಓದಿಕೊಳ್ಳಬೇಡಿ, ಹೊಸಬರಿಗೆ ಅದು ದೊಡ್ಡ ಡೋಸು. ಶುರು 2.5. ಸಾಕಾಗದಿದ್ದರೆ ಇನ್ನೊಂದು ದಿನ 5, ನಮ್ಮ ಮನೆಯ ಮೇಲ್ಮಿತಿ ಅದೇ. 5ರ ಗಮ್ಮಿಯನ್ನು ಚಾಕುವಿನಿಂದ ಅರ್ಧ ಮಾಡಿದರೆ ಟಿಎಚ್‌ಸಿ ಸಮನಾಗಿ ಹಂಚಿರುತ್ತದೆಂಬ ಖಾತ್ರಿ ಇಲ್ಲ, 2.5ರದ್ದೇ ಕೊಳ್ಳಿ. ತಿಂದದ್ದು ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಯಾಕೆಂದರೆ ಅದು ಪಿತ್ತಜನಕಾಂಗದ ಮೂಲಕ ಹೋಗಿ ಇನ್ನೂ ಜೋರಾದ 11–ಹೈಡ್ರಾಕ್ಸಿ ಟಿಎಚ್‌ಸಿ ಆಗಿ ಬದಲಾಗುತ್ತದೆ. ಪೆಗ್ಗಿಗೆ ಪಳಗಿದವರಿಗೆ ಹತ್ತು ನಿಮಿಷದಲ್ಲಿ ಉತ್ತರ ಬೇಕು. ಮುಕ್ಕಾಲು ಗಂಟೆ ಕಾದು ‘ಏನೂ ಆಗಲಿಲ್ಲವಲ್ಲ’ ಎಂದು ಇನ್ನೊಂದು ಬಾಯಿಗೆ ಹಾಕುತ್ತಾರೆ, ಎರಡೂ ಒಟ್ಟಿಗೆ ಏರುತ್ತವೆ: ಎದೆ ಡವಡವ, ತಲೆಸುತ್ತು, ಭಯ, ವಾಂತಿ. ಆದ್ದರಿಂದ ಒಂದು ರಾತ್ರಿಗೆ ಒಂದೇ ಸಲ. ಹತ್ತದಿದ್ದರೆ ಮಲಗುವುದು.

ಅಂಗಡಿ ಲೈಸೆನ್ಸ್ ಇದ್ದದ್ದೇ ಆಗಿರಬೇಕು. ಪೊಟ್ಟಣದ ಮೇಲೆ ತ್ರಿಕೋನದೊಳಗೆ ಎಲೆ ಮತ್ತು ಉದ್ಗಾರ ಚಿಹ್ನೆ, ಕೆಳಗೆ ಸಿಎ ಅಕ್ಷರಗಳು, ಬ್ಯಾಚ್ ನಂಬರು ಇವೆಯೇ ನೋಡಿ. ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ‘ಹೆಂಪ್’ (ಗಾಂಜಾ ಜಾತಿಯದೇ ಗಿಡ) ಹೆಸರಲ್ಲಿ ಸಿಗುವ ಗಮ್ಮಿ ಬೇಡ. ಟಿಎಚ್‌ಸಿ ಇರುವ ಹೆಂಪ್ ತಿಂಡಿಗಳನ್ನು ರಾಜ್ಯ 2024ರ ಸೆಪ್ಟೆಂಬರ್‌ನಲ್ಲೇ ನಿಷೇಧಿಸಿದೆ. ಮನೆಯಲ್ಲಿ ಬೆಣ್ಣೆಗೆ ಕಾಯಿಸಿ ಬ್ರೌನಿಯೋ ಲಾಡುವೋ ಮಾಡುವುದಂತೂ ಬೇಡವೇ ಬೇಡ. ಒಂದು ತುಂಡಿನಲ್ಲಿ 3, ಪಕ್ಕದ್ದರಲ್ಲಿ 30 ಇರಬಹುದು. ಮೇಲಾಗಿ ಅದು ಮಕ್ಕಳ ಕಣ್ಣಿಗೆ ಬರೀ ತಿಂಡಿ.

ಬೀಗದ ವಿಷಯದಲ್ಲಿ ಜುಗ್ಗತನ ಮಾಡಬಾರದು. 6 ವರ್ಷದೊಳಗಿನ ಮಕ್ಕಳು ಗಾಂಜಾ ತಿಂಡಿ ತಿಂದ ಪ್ರಕರಣಗಳು ಅಮೆರಿಕದ ವಿಷ ನಿಯಂತ್ರಣ ಕೇಂದ್ರಗಳಲ್ಲಿ 2017ರಲ್ಲಿ 207 ದಾಖಲಾಗಿದ್ದವು, 2021ರಲ್ಲಿ 3,054. ಬಹುಪಾಲು ನಡೆದದ್ದು ಮನೆಯಲ್ಲೇ. ಮಗು ಒಂದು ಗಮ್ಮಿಗೆ ನಿಲ್ಲಿಸುವುದಿಲ್ಲ, ಪೊಟ್ಟಣ ಮುಗಿಸುತ್ತದೆ. 12 ಕಿಲೋ ತೂಕದ ದೇಹಕ್ಕೆ 100 ಮಿಲಿಗ್ರಾಂ ಎಂದರೆ ಐಸಿಯು. ಅಂಗಡಿಯ ಪೊಟ್ಟಣ ಮಕ್ಕಳಿಗೆ ತೆರೆಯಲು ಕಷ್ಟವಾಗುವಂತೆ ಮಾಡಿರುತ್ತಾರೆ, ತೆರೆಯಲಾಗದಂತೆ ಅಲ್ಲ. ನಂಬರ್ ಬೀಗದ ಲೋಹದ ಪೆಟ್ಟಿಗೆ ಕೊಂಡು, ನಮ್ಮ ಕೋಣೆಯ ಕಪಾಟಿಗೆ ಸ್ಕ್ರೂ ಹಾಕಿ ಕೂರಿಸಿದ್ದೇವೆ. ಅಡುಗೆಮನೆ, ಫ್ರಿಜ್, ಅಟ್ಟ ಯಾವುದೂ ಆಗದು. ಎತ್ತರ ಬೀಗವಲ್ಲ, ಕುರ್ಚಿ ಎಳೆಯಲು ಬರುವ ಮಗುವಿಗೆ ಅಟ್ಟವೂ ಸಿಗುತ್ತದೆ. ಬೀಗದ ನಂಬರು ಮಕ್ಕಳ ಹುಟ್ಟುಹಬ್ಬವಾಗಿರಬಾರದು, ಅವರು ಮೊದಲು ಒತ್ತುವುದೇ ಅದನ್ನು. ಗಮ್ಮಿ ಅದರ ಪೊಟ್ಟಣದಲ್ಲೇ ಇರಲಿ, ಎಷ್ಟು ಉಳಿದಿದೆ ಎಂದು ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆಯಿರಿ. ಜಾಕೆಟಿನ ಜೇಬು, ವ್ಯಾನಿಟಿ ಬ್ಯಾಗು, ಕಾರಿನ ಗ್ಲೋವ್ ಬಾಕ್ಸ್ ಇವುಗಳಲ್ಲಿ ‘ಈಗಷ್ಟೇ ಇಟ್ಟದ್ದು’ ಮರೆತುಹೋಗುತ್ತದೆ.

ಊರಿಂದ ಆರು ತಿಂಗಳಿಗೆ ಬರುವ ಅಜ್ಜಿ ತಾತಂದಿರನ್ನೂ ಈ ಲೆಕ್ಕದಲ್ಲಿ ಸೇರಿಸಿ. ಇಲ್ಲಿ ವಿಟಮಿನ್ನೂ ಗಮ್ಮಿಯೇ, ನಿದ್ದೆಗೆ ಕೊಡುವ ಮೆಲಟೋನಿನ್ನೂ ಗಮ್ಮಿಯೇ. ಬಿಪಿ ಮಾತ್ರೆ ನುಂಗುವ ಎಪ್ಪತ್ತರ ಹಿರಿಯರು ‘ಮಕ್ಕಳ ಪೆಪ್ಪರಮಿಂಟು’ ಎಂದು ಒಂದು ತಿಂದರೆ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ಅಷ್ಟು ಸಾಕು.

ಮಗು ತಿಂದಿದೆ ಎಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯಬೇಡಿ. ವಿಷ ನಿಯಂತ್ರಣದ ನಂಬರು 1–800–222–1222, ಹಗಲು ರಾತ್ರಿ ಎತ್ತುತ್ತಾರೆ. ತೂರಾಡುವುದು, ಎಬ್ಬಿಸಿದರೂ ಮತ್ತೆ ಮಂಪರಿಗೆ ಜಾರುವುದು, ವಾಂತಿ ಇವು ಸಾಮಾನ್ಯ. ಉಸಿರು ನಿಧಾನವಾದರೆ, ಎಚ್ಚರವೇ ಆಗದಿದ್ದರೆ, ಫಿಟ್ಸ್ ಬಂದರೆ ನೇರ ತುರ್ತು ನಂಬರು 911. ವಾಂತಿ ಮಾಡಿಸಲು ಬಾಯಿಗೆ ಬೆರಳು ಹಾಕಬೇಡಿ. ಪೊಟ್ಟಣ ಜೊತೆಗೆ ಒಯ್ಯಿರಿ, ಸತ್ಯ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಡಾಕ್ಟರು ಮಿದುಳಿನ ಸೋಂಕಿರಬಹುದೆಂದು ಸಿಟಿ ಸ್ಕ್ಯಾನ್, ಬೆನ್ನುಹುರಿಯ ನೀರಿನ ಪರೀಕ್ಷೆ ತನಕ ಹೋಗಬೇಕಾಗುತ್ತದೆ.

ಪಾಳಿ ಎಂದರೆ ಇಷ್ಟೇ: ಒಂದು ರಾತ್ರಿ ಒಬ್ಬರು, ಇನ್ನೊಬ್ಬರು ಪೂರ್ತಿ ಎಚ್ಚರ. ಯಾರ ರಾತ್ರಿ ಯಾವುದು ಎಂಬುದು ವಾರದ ಮೊದಲೇ ನಿಗದಿ, ಆ ಹೊತ್ತಿನಲ್ಲಿ ಚೌಕಾಸಿ ಇಲ್ಲ. ನಡುರಾತ್ರಿ ಮಗುವಿಗೆ ಜ್ವರ ಏರಿದರೆ ಕಾರು ಓಡಿಸುವ ಒಬ್ಬರಿರಬೇಕು. ತಿಂದದ್ದು ಆರೆಂಟು ಗಂಟೆ, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. 18 ಮಿಲಿಗ್ರಾಮಿಗಿಂತ ಕಡಿಮೆ ತಿಂದಿದ್ದರೂ ಕನಿಷ್ಠ 8 ಗಂಟೆ ಗಾಡಿ ಮುಟ್ಟಬೇಡಿ ಎಂಬುದು ಕೊಲರಾಡೊ ರಾಜ್ಯದ ಸಲಹೆ. ರಾತ್ರಿ ಒಂಬತ್ತಕ್ಕೆ 2.5 ಆದರೆ ಬೆಳಿಗ್ಗೆ ಎಂಟರ ಶಾಲೆಯ ಓಡಾಟಕ್ಕೆ ಹನ್ನೊಂದು ಗಂಟೆ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ತಿಂದರೆ ಸಿಗುವುದು ಒಂಬತ್ತೇ, ಅಷ್ಟು ಅಂಚಿಗೆ ಹೋಗದೆ ಅವತ್ತು ಬಿಟ್ಟುಬಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ ರಕ್ತದ ಟಿಎಚ್‌ಸಿಗೆ ಆಲ್ಕೋಹಾಲಿನ 0.08 ಶೇಕಡಾದಂಥ ಗೆರೆ ಇಲ್ಲ. ಹಾಗೆಂದು ಸಡಿಲ ಎಂದಲ್ಲ, ಓಡಿಸುವ ಸ್ಥಿತಿಯಲ್ಲಿಲ್ಲ ಎಂದು ಕಂಡುಬಂದರೆ ಅಮಲಿನಲ್ಲಿ ಗಾಡಿ ಓಡಿಸಿದ ಡಿಯುಐ ಕೇಸೇ. ತೆರೆದ ಪೊಟ್ಟಣ ಕಾರಿನ ಡಿಕ್ಕಿಯಲ್ಲಿ ಹೋಗಬೇಕು. ಒಬ್ಬರೇ ಮಕ್ಕಳನ್ನು ಸಾಕುವವರಿಗೆ ಪಾಳಿಯೇ ಸಾಧ್ಯವಿಲ್ಲ. ಮಕ್ಕಳು ಬೇರೆ ಕಡೆ ಮಲಗುವ ರಾತ್ರಿ ಮಾತ್ರ, ಇಲ್ಲವಾದರೆ ಇಲ್ಲ.

ವಾರಕ್ಕೆ ಮೂರು ರಾತ್ರಿ ಮೀರಿದರೆ ದೇಹ ಒಗ್ಗಿಕೊಳ್ಳಬಹುದು, 2.5 ಸಾಲದಾಗಬಹುದು, ಹಳೆಯ ಕಥೆ ಹೊಸ ಹೆಸರಲ್ಲಿ ಶುರು. ಬಳಸುವ ಹತ್ತರಲ್ಲಿ ಸುಮಾರು ಮೂವರಿಗೆ ಗಾಂಜಾವೇ ಚಟವಾಗುತ್ತದೆ ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜು. ಮೊದಲ ಸುಳಿವು ಗಡಿಯಾರ: ಒಂಬತ್ತರದ್ದು ಎಂಟಕ್ಕೆ, ಎಂಟರದ್ದು ಮಕ್ಕಳ ಊಟದ ಹೊತ್ತಿಗೆ ಜರುಗುತ್ತದೆ. ಹಾಗಾದರೆ ಒಂದು ತಿಂಗಳು ಪೆಟ್ಟಿಗೆ ಖಾಲಿ. ಮೊದಲ ವಾರ ಸಿಡಿಮಿಡಿ, ನಿದ್ದೆಗೇಡು, ವಿಪರೀತ ಕನಸು. ಎರಡು ವಾರದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಬಹುಕಾಲ ಬಳಸಿದವರಿಗೆ ಪದೇ ಪದೇ ವಾಂತಿಯಾಗಿ, ಬಿಸಿನೀರು ಸುರಿದುಕೊಂಡರಷ್ಟೇ ಹಿತವೆನಿಸಿದರೆ ಅದು ಗ್ಯಾಸ್ಟ್ರಿಕ್ ಅಲ್ಲದಿರಬಹುದು, ಗಾಂಜಾದಿಂದಲೇ ಬರುವ ವಾಂತಿ ರೋಗವೊಂದಿದೆ. ನಿಲ್ಲಿಸುವುದೇ ಅದರ ಮದ್ದು.

ಎಣ್ಣೆ, ಗಾಂಜಾ ಎರಡನ್ನೂ ಬೆರೆಸಬಾರದು. ಆಲ್ಕೋಹಾಲ್ ಒಳಗಿದ್ದರೆ ರಕ್ತದಲ್ಲಿ ಟಿಎಚ್‌ಸಿ ಹೆಚ್ಚು ಏರುತ್ತದೆ. ಪಾಟ್‌ಲಕ್‌ನಲ್ಲಿ ಗಂಡಸರೆಲ್ಲ ಗ್ಯಾರೇಜಿನಲ್ಲಿ ಸ್ಕಾಚ್ ಹಿಡಿದು ನಿಂತಿರುವಾಗ ಕೈ ಸೋತು ಒಂದು ಗುಟುಕು ಕುಡಿದಿರಿ ಎನ್ನೋಣ, ಆ ರಾತ್ರಿ ಗಮ್ಮಿ ಇಲ್ಲ, ಮರುದಿನ ಡಾಕ್ಟರಿಗೋ ಸಂಗಾತಿಗೋ ಹೇಳುವುದು.

ಮಕ್ಕಳಿಗೆ ಹೇಳುವ ಮಾತು ಚಿಕ್ಕದಿರಲಿ. ‘ಅಪ್ಪ, ನೀನ್ಯಾಕೆ ಬಿಯರ್ ಕುಡಿಯಲ್ಲ?’ ಎಂದರೆ ‘ಕುಡಿದ್ರೆ ನಂಗೆ ಒಳ್ಳೇದಾಗಲ್ಲ ಮಗಾ, ಅದಕ್ಕೆ ಬಿಟ್ಟಿದೀನಿ’ ಸಾಕು. ಪೆಟ್ಟಿಗೆ ‘ದೊಡ್ಡವರದು’, ಅದರಲ್ಲಿರುವುದನ್ನು ಚಾಕಲೇಟು, ಮಿಠಾಯಿ ಎಂದು ತಮಾಷೆಗೂ ಕರೆಯಬಾರದು. ಹೈಸ್ಕೂಲಿಗೆ ಬಂದವರಿಂದ ಮುಚ್ಚಿಡಲಾಗುವುದಿಲ್ಲ, ಮುಚ್ಚಿಡಲೂಬಾರದು. ಇಪ್ಪತ್ತೈದರ ತನಕ ಮಿದುಳು ಬೆಳೆಯುತ್ತಿರುತ್ತದೆ, ಆ ವಯಸ್ಸಿನಲ್ಲಿ ಇದರ ಪೆಟ್ಟು ಬೇರೆ, 21ರ ಕಾನೂನು ಇರುವುದು ಅದಕ್ಕೇ ಎಂದು ನೇರವಾಗಿ ಹೇಳುತ್ತೇವೆ. ‘ಹಾಗಾದ್ರೆ ನೀವ್ಯಾಕೆ?’ ಎಂದು ಕೇಳೇ ಕೇಳುತ್ತಾರೆ. ಆಗ ಎಣ್ಣೆಯ ವಿಷಯವನ್ನೂ ಹೇಳಬೇಕಾಗುತ್ತದೆ, ತಯಾರಾಗಿರಿ.

ಬೆಂಗಳೂರಿಗೆ ಹೊರಡುವ ಮೊದಲು ಎರಡು ವಾರ ನಿಲ್ಲಿಸಿಬಿಡಿ. ಗಾಂಜಾ ಬಿಟ್ಟ ನಿದ್ದೆಗೇಡು, ಜೆಟ್‌ಲ್ಯಾಗ್ ಎರಡೂ ಒಟ್ಟಾದರೆ ಮೊದಲ ವಾರದಲ್ಲೇ ಭಾವನ ಜೊತೆ ಬಾರಿಗೆ ಕಾಲು ಹೋಗುತ್ತದೆ. ಬ್ಯಾಗು, ಜಾಕೆಟ್, ಟಾಯ್ಲೆಟ್ ಕಿಟ್ ಎಲ್ಲ ಕೊಡವಿ ನೋಡಿ. ಶಿವರಾತ್ರಿಗೆ ಭಂಗಿ ಕುಡಿಯುವ ಊರುಗಳಿವೆಯಲ್ಲ ಎಂಬ ವಾದ ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ. ಗಾಂಜಾ, ಚರಸ್ ಮತ್ತು ಅವುಗಳ ಮಿಶ್ರಣ ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆ ಎನ್‌ಡಿಪಿಎಸ್ ಅಡಿ ಅಪರಾಧ, ಅದನ್ನು ಸೇರಿಸಿ ಮಾಡಿದ ಗಮ್ಮಿಗೂ ರಿಯಾಯಿತಿ ಇಲ್ಲ. ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುವವರು ಇಡೀ ರಜೆಗೆ ಆಗುವಷ್ಟು ಮಾತ್ರೆಯನ್ನು ಚೀಟಿಯ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಲಿ.