ಗ್ಲಾಸಿಗೆ ಅಳತೆ ಮೂರನೇ ದಿನವೇ ಕೊಟ್ಟೆ

ನೆಲಕ್ಕೆ ಟೈಲ್ಸ್ ಕೂರದೆ ಬಾಗಿಲ ಗ್ಲಾಸಿಗೆ ಅಳತೆ ಕೊಡಬಾರದು ಅಂತ ಅಂಗಡಿಗಳ ಇಂಟೀರಿಯರ್ ಮಾಡಿಸೋ ನಮ್ಮ ಲೈನಿನಲ್ಲಿ ಎಲ್ಲರೂ ಹೇಳುತ್ತಾರೆ. ಮಂಡ್ಯದ ಒಂದು ಬಟ್ಟೆ ಅಂಗಡಿಯಲ್ಲಿ ಅವಸರಕ್ಕೆ ಬಿದ್ದು ಕೊಟ್ಟು ಕೈ ಸುಟ್ಟುಕೊಂಡವನು ನಾನು. ಟೈಲ್ಸ್ ಕೆಳಗಿನ ಸಿಮೆಂಟ್ ಹಾಸು, ಅಂದರೆ ಬೆಡ್, ಎರಡು ಇಂಚು ಅಂದಿದ್ದ ಮೇಸ್ತ್ರಿ, ನೆಲ ಓರೆ ಇದೆ ಅಂತ ಬಾಗಿಲ ಹತ್ತಿರ ಮೂರಕ್ಕೆ ಏರಿಸಿದ. ಬಂದ 12 ಎಂಎಂ ಟಫನ್ ಗ್ಲಾಸು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಒಂದು ಇಂಚು ಉದ್ದ. ಟಫನ್ ಆದಮೇಲೆ ಕತ್ತರಿಸೋಕಾಗುತ್ತಾ? ಹೊಸದು ಬರೋವರೆಗೆ 17 ದಿನ ಕೆಲಸ ನಿಂತಿತು. ಆ ದಿನಗಳ ಬಾಡಿಗೆ ಅಂತ ಮಾಲೀಕರು ನನ್ನ ಬಿಲ್ಲಿನಲ್ಲಿ ಹಿಡಿದುಕೊಂಡದ್ದೂ ಸೇರಿ ಒಂದೂಮುಕ್ಕಾಲು ಲಕ್ಷ ಕೈಬಿಟ್ಟು ಹೋಯಿತು.

ಆಮೇಲೆ ಸಿಕ್ಕಿದ್ದು ಮೈಸೂರಿನ ದೇವರಾಜ ಅರಸು ರಸ್ತೆ ಪಕ್ಕದ ಕ್ರಾಸ್‌ನಲ್ಲಿ ಚಪ್ಪಲಿ ಅಂಗಡಿ. ಸುಮಾರು 900 ಚದರಡಿ, 15 ಲಕ್ಷ, 40 ದಿನ. ನವರಾತ್ರಿಯ ಮೊದಲ ದಿನ ಪೂಜೆ ಆಗಲೇಬೇಕು, ದಸರಾ ವ್ಯಾಪಾರ ತಪ್ಪಬಾರದು. ಅದರ ಮುಂಚಿನ ಹದಿನೈದು ದಿನ ಪಿತೃಪಕ್ಷ. ನನ್ನ ಟೈಲ್ಸ್‌ನವರು, ಪೇಂಟರುಗಳು ಮಳವಳ್ಳಿ, ಮದ್ದೂರು ಕಡೆಯವರು. ಹಿರಿಯರ ಹಬ್ಬಕ್ಕೆ ಊರಿಗೆ ಹೋದರೆ ನಾಲ್ಕು ದಿನ ಬರೋದಿಲ್ಲ. ಹೋಗಬೇಡಿ ಅನ್ನೋದು ತಪ್ಪು. ಆ ದಿನಗಳಲ್ಲಿ ಗ್ಲಾಸ್, ಎಸಿಯವರದೇ ಕೆಲಸ ಇರಲಿ ಅಂತ ಮೊದಲೇ ಲೆಕ್ಕ ಹಾಕಿದೆ. ಟೈಲ್ಸ್ ಮುಗಿಯೋದು 18ನೇ ದಿನ, ಗ್ಲಾಸಿನವರು ಕೇಳಿದ್ದು ಮೂರು ವಾರಕ್ಕೂ ಮೇಲೆ. ನೆಲಕ್ಕೆ ಕಾದರೆ ಪೂಜೆ ದಾಟಿಹೋಗುತ್ತೆ.

ಮೊದಲ ದಿನವೇ ಲೆವೆಲ್ ಟ್ಯೂಬ್ ಹಿಡಿದು ಅಂಗಡಿ ಸುತ್ತ ನೂಲು ಹೊಡೆಸಿದೆ. ಹಳೇ ನೆಲ ಎಲ್ಲಿ ಹೆಚ್ಚು ಎತ್ತರ ಇದೆ ನೋಡಿ, ಅದರ ಮೇಲೆ ಬೆಡ್ ಲೆಕ್ಕ ಹಿಡಿದು, ಹೊಸಿಲ ಹತ್ತಿರ ಒಂದೇ ಒಂದು ಟೈಲ್ಸ್ ಸಿಮೆಂಟಿನಲ್ಲಿ ಕೂರಿಸಿ ಗೋಣಿಚೀಲ ಮುಚ್ಚಿದೆ.

"ಅಣ್ಣ, ಇಡೀ ನೆಲ ಇದಕ್ಕೆ ಬಂದು ಸೇರಬೇಕು. ಇದು ಅಲ್ಲಾಡೋ ಹಾಗಿಲ್ಲ."

"ಬಾಗಿಲಿಂದ ಶುರು ಮಾಡೋದು ಯಾವೂರ ಪದ್ಧತಿ ಸಾರ್?" ಅಂದ ಮೇಸ್ತ್ರಿ. ಮೂರನೇ ದಿನ ಆ ಟೈಲ್ಸಿನ ಮಟ್ಟ ಹಿಡಿದು ಅಳತೆ ಕೊಟ್ಟೆ. ಗ್ಲಾಸಿನವರಂತೂ ಅಳತೆ ಚೀಟಿಗೆ ನನ್ನ ಸಹಿ ಹಾಕಿಸಿಕೊಂಡೇ ಹೋದರು.

27ನೇ ದಿನ ಗ್ಲಾಸ್ ಬಂತು. ಕೂತ ಮೇಲೆ ಕೆಳಗಿನ ಸಂದಿಯಲ್ಲಿ ಲ್ಯಾಮಿನೇಟ್ ತುಂಡು ತೂರಿಸಿ ಈ ತುದಿಯಿಂದ ಆ ತುದಿಗೆ ಎಳೆದೆ, ಎಲ್ಲೂ ತಡೆಯಲಿಲ್ಲ. ನಮ್ಮೂರಲ್ಲಿ ಹೀಗೆ ಕೂರಿಸಿದವರನ್ನು ನಾನಂತೂ ನೋಡಿಲ್ಲ. ಎಷ್ಟು ಗ್ಯಾಪ್ ಬಿಟ್ಟು ಅಳತೆ ಕೊಟ್ಟೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಅದಕ್ಕೆ ನಾನು ದುಡ್ಡು ತೆತ್ತಿದ್ದೇನೆ.

ಮಧ್ಯೆ ಒಂದು ಪ್ರಯೋಗವೂ ಆಯಿತು. ಮಳೆಗೆ ಪುಟ್ಟಿ ಒಣಗುತ್ತಿಲ್ಲ ಅಂತ ಎರಡು ಹ್ಯಾಲೊಜನ್ ದೀಪ ಇಟ್ಟೆ. ಮಾರನೇ ದಿನ ಗೋಡೆ ತುಂಬ ಕೂದಲೆಳೆ ಬಿರುಕು. ಕೆರೆದು ಮತ್ತೆ ಹಚ್ಚೋಕೆ ಆರು ಸಾವಿರ. ಆಮೇಲೆ ಶಟರ್ ಅರ್ಧ ಎತ್ತಿ ಎರಡು ಫ್ಯಾನ್ ಓಡಿಸಿದೆ, ಅದೇ ಸರಿಹೋಯಿತು.

ಬಜೆಟ್ ಉಳಿಸಿದ್ದು 200 ಪುಟದ ನೋಟ್‌ಬುಕ್. ಬದಲಾವಣೆ ಏನೇ ಇರಲಿ, ಎಷ್ಟು ದುಡ್ಡು, ಎಷ್ಟು ದಿನ ಅಂತ ಬರೆದು, ಮಾಲೀಕರ ಸಹಿ ಬಿದ್ದ ಮೇಲೇ ಬಡಗಿ ಉಳಿ ಎತ್ತೋದು. 19ನೇ ದಿನ ಮಾಲೀಕರ ಭಾವಮೈದ ಬಂದು, ಕ್ಯಾಶ್ ಕೌಂಟರ್ ಎರಡಡಿ ಆ ಕಡೆ ಹೋಗಲಿ ಅಂದರು. ವೈರಿಂಗ್ ಒಡೆಯಬೇಕು, 38 ಸಾವಿರ, ನಾಲ್ಕು ದಿನ ಅಂತ ಬರೆದು ಪೆನ್ನು ಕೊಟ್ಟೆ. ಮಾಲೀಕರು ಎರಡು ಸಲ ಓದಿ ಪೆನ್ನಿಗೆ ಕ್ಯಾಪ್ ಹಾಕಿದರು. ಕೌಂಟರ್ ಇದ್ದಲ್ಲೇ ಉಳಿಯಿತು.

38ನೇ ದಿನ ಕೀ ಕೊಟ್ಟೆ. ಒಟ್ಟು 15 ಲಕ್ಷದ 20 ಸಾವಿರದ ಹತ್ತಿರ ಆಯಿತು, ಮೇಲಿನದ್ದೆಲ್ಲ ಸಹಿ ಬಿದ್ದ ಲೆಕ್ಕ. ಕೊನೆ ಬಿಲ್ಲಿಗೆ ಮೂರು ಮೂರು ತಿಂಗಳು ಅಲೆದವನು ನಾನು. ಈ ಸಲ ಆಯುಧಪೂಜೆಗೆ ಮುಂಚೆಯೇ ಬಂತು, ಹುಡುಗರಿಗೆ ಬೋನಸ್ ಅದರಲ್ಲೇ ಕೊಟ್ಟೆ.