ಮೋಲ್ಡ್ ಹಾಕುವ ಮೊದಲೇ ಸೊಪ್ಪಿನ ಲೆಕ್ಕ

ನಮ್ಮದು ಬೆಂಗಳೂರಿನಲ್ಲಿ 30x40 ಸೈಟು. ಮನೆ ಎದ್ದ ಮೇಲೆ ಮಣ್ಣು ಅಂತ ಉಳಿಯುವುದು ಕಾಂಪೌಂಡ್ ಪಕ್ಕದ ಎರಡು ಅಡಿ ಮಾತ್ರ ಎಂದು ಪ್ಲಾನ್ ನೋಡಿದಾಗಲೇ ಗೊತ್ತಾಗಿತ್ತು. ತರಕಾರಿಗೆ ತಾರಸಿಯೇ ಗತಿ.

ಇಂಜಿನಿಯರ್‌ಗೆ ಹೇಳಿದೆ. "ಪಾಟ್ ಇಟ್ಕೊಳ್ಳಿ ಸರ್, ಅದಕ್ಕೇನಂತೆ" ಅಂದರು. ಪಾಟ್ ಅಲ್ಲ, ಒಂದಡಿ ಆಳದ ಇಟ್ಟಿಗೆ ತೊಟ್ಟಿ ಅಂದಾಗ ಕ್ಯಾಲ್ಕುಲೇಟರ್ ತೆಗೆದರು. ಒಂದು ಚದರ ಅಡಿಯಲ್ಲಿ ಒಂದಡಿ ಎತ್ತರಕ್ಕೆ ಹಸಿ ಮಣ್ಣು ತುಂಬಿದರೆ ಸುಮಾರು 50 ಕೆ.ಜಿ. ಜನ ಓಡಾಡುವ ತಾರಸಿಗೆ ಐಎಸ್ 875ರ (ಕಟ್ಟಡ ಎಷ್ಟು ಭಾರ ತಾಳಬೇಕು ಅನ್ನುವ ಭಾರತೀಯ ಮಾನದಂಡ) ಲೆಕ್ಕ ಚದರ ಮೀಟರ್‌ಗೆ 150 ಕೆ.ಜಿ., ಅಂದರೆ ಚದರ ಅಡಿಗೆ ಬರೀ 14. ಎಲ್ಲಿಯ 14, ಎಲ್ಲಿಯ 50!

ತೊಟ್ಟಿಗಳನ್ನು ತಾರಸಿಯ ನಡುವೆ ಇಡದೆ ಅಂಚಿನ ಬೀಮುಗಳ ಮೇಲೆ ತಂದೆವು. ಆ ಬೀಮುಗಳಿಗೆ ಕಂಬಿ ಜಾಸ್ತಿ ಹಾಕಿಸಿದರು. ಸೊಪ್ಪಿಗೆ ಅರ್ಧ ಅಡಿ ಆಳ ಸಾಕು. ಬದನೆ, ಟೊಮೆಟೊಗೆ ಮಾತ್ರ ಒಂದಡಿ. ಬರೀ ಕೆಮ್ಮಣ್ಣು ತುಂಬದೆ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿ ಭಾರ ಇಳಿಸಿದೆ.

ಆಮೇಲೆ ಬಂತು ನೀರಿನ ಟ್ಯಾಂಕು. ವಾಸ್ತು ಪ್ರಕಾರ ನೈರುತ್ಯದಲ್ಲೇ ಇರಬೇಕು ಅಂತ ಅಮ್ಮನ ಹಟ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಮಧ್ಯಾಹ್ನ ಕಳೆದರೆ ಟ್ಯಾಂಕಿನ ನೆರಳು ತಾರಸಿ ತುಂಬ. ಅಮ್ಮನೇ ಗೆದ್ದರು. ನೆರಳು ಬೀಳುವ ಕಡೆ ಪುದೀನ, ಕೊತ್ತಂಬರಿ ಹಾಕಿದೆ. ಟೊಮೆಟೊ ಬಿಸಿಲಿನ ಕಡೆಗೆ ಹೋಯಿತು.

ಮೊದಲ ಮಳೆಗಾಲದಲ್ಲೇ ಎಡವಟ್ಟು ಮಾಡಿಕೊಂಡೆ. ಮಳೆನೀರು ಪೈಪಿನತ್ತ ಹರಿಯಲು ಮೇಸ್ತ್ರಿ ಚೆನ್ನಾಗಿಯೇ ವಾಟ ಕೊಟ್ಟಿದ್ದರು. ನಾನೇ ಎರಡು ಗ್ರೋ ಬ್ಯಾಗು ತಂದು ಪೈಪಿನ ಬಾಯಿಗೆ ಅಡ್ಡ ಇಟ್ಟಿದ್ದೆ. ನಾರಿನ ಪುಡಿ ಕೊಚ್ಚಿಕೊಂಡು ಬಂದು ಪೈಪು ಕಟ್ಟಿ, ರಾತ್ರಿಯಿಡೀ ನೀರು ನಿಂತು, ಕೆಳಗೆ ಮಲಗುವ ಕೋಣೆಯ ಸೂರಿನಲ್ಲಿ ತೇವ! ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಬೇಕಾಯಿತು. ಈಗ ಬ್ಯಾಗುಗಳೆಲ್ಲ ಇಟ್ಟಿಗೆ ಮೇಲೆ ಕೂತಿವೆ, ಪೈಪಿಗೆ ಜಾಲರಿ ಇದೆ.

ಹರಿವೆ, ಮೆಂತ್ಯ, ಬಸಳೆಯನ್ನು ಅಂಗಡಿಯಿಂದ ತರುವುದು ಅಪರೂಪ. ಈರುಳ್ಳಿ, ಆಲೂಗಡ್ಡೆಗೆ ಮಾರ್ಕೆಟ್ಟೇ. ತಾರಸಿಯಲ್ಲಿ ಮನೆ ಪೂರ್ತಿ ಸಾಕುತ್ತೇನೆ ಅನ್ನುವುದು ಸುಮ್ನೆ ಮಾತು.

ಹೊಟ್ಟೆ ಉರಿಯುವುದು ಒಂದಕ್ಕೇ. ಅಡುಗೆಮನೆ ಸಿಂಕಿನ ನೀರಿಗೆ ಬೇರೆ ಪೈಪು ಕೊಟ್ಟಿದ್ದರೆ ಕಾಂಪೌಂಡ್ ಪಕ್ಕದ ಬಾಳೆಗೆ ಹೋಗುತ್ತಿತ್ತು. ನನಗೆ ಹೊಳೆಯುವಷ್ಟರಲ್ಲಿ ಅದು ಗೋಡೆಯೊಳಗೇ ಬಾತ್‌ರೂಮ್ ಪೈಪಿಗೆ ಸೇರಿ ಪ್ಲಾಸ್ಟರಿಂಗ್ ಕೂಡ ಆಗಿತ್ತು. ಅಕ್ಕಿ ತೊಳೆದ ನೀರನ್ನು ಮಾತ್ರ ನನ್ನವಳು ಪಾತ್ರೆಯಲ್ಲಿ ಎತ್ತಿಡುತ್ತಾಳೆ. ದಿನಾ ಬೆಳಿಗ್ಗೆ ಅದನ್ನು ಹೊತ್ತುಕೊಂಡು ಹೋಗಿ ಬಾಳೆಗೆ ಸುರಿಯುತ್ತೇನೆ.