ರಾಗಿ, ಜೋಳ, ಅಕ್ಕಿ: ರೇಡಾರ್ ಚಾರ್ಟ್ ಬಿಡಿಸುವುದು ಹೇಗೆ?

ಮೂರು ಧಾನ್ಯಗಳ ಆರು ಪೋಷಕಾಂಶಗಳನ್ನು ಕೋಷ್ಟಕದಲ್ಲಿ ಬರೆದರೆ ಹದಿನೆಂಟು ಸಂಖ್ಯೆಗಳಾಗುತ್ತವೆ. ಅವನ್ನೇ ಜೇಡರ ಬಲೆಯಂಥ ರೇಡಾರ್ ಚಾರ್ಟಿನಲ್ಲಿ, ಕೇಂದ್ರದಿಂದ ಪೋಷಕಾಂಶಕ್ಕೊಂದರಂತೆ ಹೊರಡುವ ಗೆರೆಗಳ (ಅಕ್ಷಗಳ) ಮೇಲೆ ಗುರುತಿಸಿ ಬಿಂದುಗಳನ್ನು ಜೋಡಿಸಿದರೆ ಒಂದೊಂದು ಧಾನ್ಯಕ್ಕೂ ಒಂದೊಂದು ಆಕಾರ ಮೂಡುತ್ತದೆ. ಯಾವುದು ಎಲ್ಲಿ ಮುಂದು, ಎಲ್ಲಿ ಹಿಂದು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ಅಳತೆ ಹೊಂದಿಸದೆ ಬಿಡಿಸಿದ ಚಾರ್ಟ್ ಓದುಗರ ದಾರಿ ತಪ್ಪಿಸುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ, ಬೇಯಿಸದ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೋಳದಲ್ಲಿ 28, ಪಾಲಿಶ್ ಮಾಡಿದ ಅಕ್ಕಿಯಲ್ಲಿ 7.5. ಪ್ರೋಟೀನ್ ಲೆಕ್ಕ ಗ್ರಾಂಗಳಲ್ಲಿ: ರಾಗಿ 7.2, ಜೋಳ 10, ಅಕ್ಕಿ 7.9. ಇವನ್ನು ಇದ್ದಂತೆಯೇ ಚಾರ್ಟಿಗೆ ಹಾಕಿದರೆ ಕ್ಯಾಲ್ಸಿಯಂ ಕಡೆಗೆ ಒಂದು ಮುಳ್ಳು ಚಾಚಿಕೊಂಡು, ಪ್ರೋಟೀನ್ ಕೇಂದ್ರದಲ್ಲೇ ಮುದುಡಿಹೋಗುತ್ತದೆ.

ಆದ್ದರಿಂದ ಮೊದಲ ಕೆಲಸ, ಎಲ್ಲವನ್ನೂ 100ರ ಅಳತೆಗೆ ತರುವುದು. ಕೋಷ್ಟಕದಲ್ಲಿ ಒಂದೊಂದು ಪೋಷಕಾಂಶಕ್ಕೆ ಒಂದೊಂದು ಅಡ್ಡ ಸಾಲು ಇರಲಿ; ಪ್ರತಿ ಸಾಲಿನ ಸಂಖ್ಯೆಯನ್ನು ಆ ಸಾಲಿನ ಗರಿಷ್ಠ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿ. ಪ್ರೋಟೀನಿನಲ್ಲಿ ಜೋಳ 100, ಅಕ್ಕಿ 79, ರಾಗಿ 72 ಆಗುತ್ತವೆ. ಕ್ಯಾಲ್ಸಿಯಂನಲ್ಲಿ ರಾಗಿ 100, ಜೋಳ 8, ಅಕ್ಕಿ 2. ಎಕ್ಸೆಲ್‌ನಲ್ಲಿ ಗರಿಷ್ಠ ಸಂಖ್ಯೆ ಹುಡುಕುವ ಮ್ಯಾಕ್ಸ್ ಸೂತ್ರ ಬರೆಯುವಾಗ ಕಾಲಂ ಅಕ್ಷರದ ಮುಂದೆ ಡಾಲರ್ ಚಿಹ್ನೆ ಹಾಕಲೇಬೇಕು. ಇಲ್ಲದಿದ್ದರೆ ಸೂತ್ರವನ್ನು ಬಲಕ್ಕೆ ಎಳೆದಾಗ ಅದು ನೋಡುವ ಕಾಲಂಗಳೂ ಸರಿದು ಉತ್ತರ ಕೆಡುತ್ತದೆ.

ಕನಿಷ್ಠವನ್ನು 0, ಗರಿಷ್ಠವನ್ನು 100 ಮಾಡುವ ಇನ್ನೊಂದು ವಿಧಾನವೂ ಇದೆ. ಇಲ್ಲಿ ಅದು ಬೇಡ. ಮೂರು ಗ್ರಾಂನಷ್ಟೂ ವ್ಯತ್ಯಾಸವಿಲ್ಲದ ಪ್ರೋಟೀನಿನಲ್ಲಿ ರಾಗಿ ಸೊನ್ನೆಗೆ ಬಿದ್ದು, ಅದರಲ್ಲಿ ಪ್ರೋಟೀನೇ ಇಲ್ಲವೆಂಬಂತೆ ಕಾಣುತ್ತದೆ.

ಉಳಿದದ್ದು ಸುಲಭ. ಪೋಷಕಾಂಶಗಳ ಹೆಸರು ಸಾಲುಗಳಲ್ಲಿ, ಧಾನ್ಯಗಳು ಕಾಲಂಗಳಲ್ಲಿ ಇರಲಿ. ಹೊಂದಿಸಿದ ಕೋಷ್ಟಕವನ್ನು ಹೆಸರುಗಳ ಸಮೇತ ಆಯ್ದು, ಇನ್ಸರ್ಟ್ ಮೆನುವಿನ ಚಾರ್ಟ್‌ಗಳಲ್ಲಿ ರೇಡಾರ್ ಒತ್ತಿ. ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಇದರ ಹೆಸರು ನೆಟ್. ಧಾನ್ಯಗಳೇ ಅಕ್ಷಗಳಾಗಿ ಬಂದರೆ ಎಕ್ಸೆಲ್‌ನಲ್ಲಿ ಸ್ವಿಚ್ ರೋ/ಕಾಲಂ ಒತ್ತಿ. ಅಕ್ಷದ ಕನಿಷ್ಠ 0, ಗರಿಷ್ಠ 100 ಎಂದು ನೀವೇ ನಮೂದಿಸಿ. ತಂತ್ರಾಂಶಕ್ಕೆ ಬಿಟ್ಟರೆ ಕೆಲವೊಮ್ಮೆ ಸೊನ್ನೆಯಿಂದ ಶುರುವಾಗದೆ ಸಣ್ಣ ಅಂತರ ದೊಡ್ಡದಾಗಿ ಕಾಣುತ್ತದೆ. ಬಣ್ಣ ತುಂಬಿದ ಮಾದರಿ ಬೇಡ, ಹಿಂದಿನ ಆಕಾರ ಮುಚ್ಚಿಹೋಗುತ್ತದೆ. ಒಂದೇ ಚಾರ್ಟಿನಲ್ಲಿ ಮೂರಕ್ಕಿಂತ ಹೆಚ್ಚು ಆಕಾರಗಳನ್ನೂ ತುರುಕಬೇಡಿ.

ಓದುವಾಗ ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಆಕಾರದ ವಿಸ್ತೀರ್ಣ ನೋಡಿ. ಎಲ್ಲ ಅಂಕಗಳೂ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಅಕ್ಷಗಳ ಕ್ರಮವೂ ಆಟವಾಡಿಸುತ್ತದೆ: ಆರರಲ್ಲಿ ಮೂರು ಅಂಕ 100, ಮೂರು 20 ಎಂದಿರಲಿ. ದೊಡ್ಡವು ಮೂರನ್ನೂ ಅಕ್ಕಪಕ್ಕ ಇಟ್ಟಾಗಿನ ವಿಸ್ತೀರ್ಣ, ಒಂದು ಬಿಟ್ಟು ಒಂದು ಇಟ್ಟಾಗಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಸಂಖ್ಯೆಗಳು ಮಾತ್ರ ಅವೇ! ಹಾಗಾಗಿ ಒಂದೊಂದೇ ಅಕ್ಷದ ಮೇಲೆ ಬಿಂದುಗಳನ್ನು ಹೋಲಿಸಿ ನೋಡಬೇಕು. ಸೋಡಿಯಂನಂತೆ ಕಡಿಮೆ ಇದ್ದಷ್ಟೂ ಒಳ್ಳೆಯದಾದ ಅಂಶ ಸೇರಿಸುವುದಾದರೆ, ಅದರ ಅಂಕವನ್ನು 100ರಿಂದ ಕಳೆದು ತಿರುಗಿಸಿಡಿ. ಹಾಗೆ ಮಾಡಿದ್ದನ್ನು ಚಾರ್ಟಿನ ಕೆಳಗೆ ಬರೆಯಿರಿ.

ತರಗತಿಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಕೋನಮಾಪಕ ಸಾಕು. ಒಂದು ಬಿಂದುವಿನಿಂದ 60 ಡಿಗ್ರಿಗೊಂದರಂತೆ 5 ಸೆಂ.ಮೀ. ಉದ್ದದ ಆರು ಗೆರೆ ಎಳೆಯಿರಿ, 1 ಸೆಂ.ಮೀ. ಅಂದರೆ 20 ಅಂಕ. ಕ್ಯಾಲ್ಸಿಯಂ ಗೆರೆಯಲ್ಲಿ ರಾಗಿಯ ಬಿಂದು ತುದಿಯಲ್ಲಿ, ಜೋಳದ್ದು ಕೇಂದ್ರದಿಂದ 4 ಮಿ.ಮೀ. ದೂರದಲ್ಲಿ, ಅಕ್ಕಿಯದು 1 ಮಿ.ಮೀ. ದೂರದಲ್ಲಿ ಬರುತ್ತದೆ.